ಬೆಕ್ಕಿನ ಹೋಟ್ಲಿಗೆ ಹೋಗಾಕ ಮುಂಚೆ ಹಗ್ಗ ಎಲ್ಲೈತಿ ನೋಡ್ರಿ

ಹಂಪಿ ಎಕ್ಸ್‌ಪ್ರೆಸ್ಸಿಗೆ ಟಿಕೀಟು ತಗಿಸಾಗೈತಿ. ಮುಂದಿನ ತಿಂಗಳು ಬೆಂಗಳೂರಿಗೆ ಹೊಂಟೀನಿ, ತಂಗಿ ಮಗಳ ಹತ್ರ. ಹೋದ ವಾರ ಆಕಿ ಫೋನಿನ್ಯಾಗ ಅಂದ್ಲು, "ದೊಡ್ಡಮ್ಮ, ಈ ಸಲ ನಿನ್ನ ಒಂದು ಕೆಫೆಗೆ ಕರಕೊಂಡು ಹೋಗ್ತೀನಿ. ಅಲ್ಲಿ ಬೆಕ್ಕು ಸಾಕ್ಯಾರ. ಕಾಫಿ ಕುಡಕೊಂತ ಅವುಗಳ ಜೊತಿ ಕುಂದ್ರಬೌದು. ತಾಸಿಗೆ ಇಷ್ಟು ಅಂತ ರೊಕ್ಕ." ನಾನು ಸುಮ್ನ ಇರಲಾರದ ಇದನ್ನ ಹಿಟ್ಟಿನ ಗಿರಣಿ ಮುಂದ ಹೇಳಿದೆ. ಆವತ್ತಿನಿಂದ ಹಲಕುಂದಿಯಾಗ ನನಗ ಬ್ಯಾರೆ ಹೆಸರಿಲ್ಲ. "ಬೆಕ್ಕಿನ ಹೋಟ್ಲಿಗೆ ಹೋಗಾಕಿ ಬಂದ್ಲು ನೋಡು" ಅಂತಾರ.

ನಗ್ರಿ, ಬ್ಯಾಡ ಅನ್ನಂಗಿಲ್ಲ. ನಕ್ಕಾದ ಮ್ಯಾಲೆ ಇದನ್ನ ಪೂರಾ ಓದ್ರಿ. ಯಾಕಂದ್ರ ನನಗ ಎರಡೂ ಕಡಿಯವರ ಮ್ಯಾಲೆ ಸಿಟ್ಟೈತಿ. ರೊಕ್ಕ ಕೊಟ್ಟು ಬೆಕ್ಕು ಮುಟ್ಟಾಕ ಹೋಗ್ತಾರ ಅಂತ ನಗೋರ ಮ್ಯಾಲೂ ಐತಿ, ಏನೂ ಕೇಳಲಾರದ ಫೋಟೋ ನೋಡಿ ಬುಕ್ ಮಾಡೋರ ಮ್ಯಾಲೂ ಐತಿ.

ಮೊದಲು ನಗೋರಿಗೆ.

ನಮ್ಮ ಅತ್ತಿಗಿ ಅಂದ್ರು, "ನಮ್ಮ ಓಣ್ಯಾಗ ಹತ್ತು ನಾಯಿ, ಆರು ಬೆಕ್ಕು ಅದಾವ. ಎಷ್ಟು ಬೇಕೋ ಅಷ್ಟು ಮುಟ್ಟು, ಬಿಟ್ಟಿ." ಹೌದ್ರಿ ಅತ್ತಿಗಿ, ಅದಾವ. ಆದ್ರ ಆ ಹದಿನಾರರಾಗ ನೀವು ಕರೆದ್ರ ಹತ್ರ ಬರೋದು ಯಾವುದು, ಹೇಳ್ರಿ? ಕೈ ಎತ್ತಿದ್ರ ಸಾಕು, ಓಡ್ತಾವ. ಎತ್ತಿದ ಕೈಯಾಗ ಕಲ್ಲು ಇರತೈತಿ ಅಂತ ಅವಕ್ಕ ನಾವೇ ಕಲಿಸೀವಿ. ನಡುಮನ್ಯಾಗ ಬೆಕ್ಕು ಕಂಡ್ರ ಕಸಬರಿಗಿ ತಗೋತೀವಿ. ಅಡ್ಡ ಬಂದ್ರ ಒಂದು ಗಳಿಗಿ ಕುಂತು ನೀರು ಕುಡುದು ಹೊರಡ್ತೀವಿ. ಹಂಗಿದ್ದಾಗ "ನಮ್ಮಲ್ಲಿ ಬಿಟ್ಟಿ ಸಿಗತಾವ" ಅನ್ನಾಕ ನಮಗ ಬಾಯಿ ಎಲ್ಲೈತಿ?

ಇನ್ನು ಆ ಹುಡುಗಿ ಕಡೀಗೂ ಒಂದೀಟು ನೋಡ್ರಿ. ಪೀಜಿಯಾಗ ಒಂದು ಖೋಲಿಗೆ ಮೂರು ಮಂಚ. ನಾಯಿ ಬೆಕ್ಕು ಹಂಗಿರ್ಲಿ, ತುಳಸಿ ಕುಂಡ ಇಡಾಕೂ ಜಾಗ ಇಲ್ಲ. ಬೆಳಿಗ್ಗೆ ಎಂಟಕ್ಕ ಹೋದ್ರ ರಾತ್ರಿ ಒಂಬತ್ತಕ್ಕ ಬರತಾಳ. ಒಂದಿನ ನನಗ ಅಂದ್ಲು, "ದೊಡ್ಡಮ್ಮ, ಇಲ್ಲಿ ಮಾತಾಡೋರು ಮಸ್ತ್ ಅದಾರ. ಹೆಗಲ ಮ್ಯಾಲೆ ಕೈ ಇಟ್ಟು ಮಾತಾಡ್ಸೋ ಜೀವ ಒಂದೂ ಇಲ್ಲ." ಅವತ್ತು ನನಗ ರಾತ್ರಿ ನಿದ್ದಿ ಬರಲಿಲ್ಲ. ಈ ಕೆಫೆ ಅನ್ನೋದು ಶುರು ಆಗಿದ್ದು ತೈವಾನ್ ದೇಶದ ತೈಪೆಯಾಗ, 1998ರಾಗ. 2004ರ ಹೊತ್ತಿಗೆ ಜಪಾನಿನ ಒಸಾಕಾಕ್ಕ ಬಂತು, ಆಮ್ಯಾಲೆ ಆ ದೇಶದ ತುಂಬ ಹಬ್ಬಿತು. ಯಾಕಂದ್ರ ಅಲ್ಲಿ ಭಾಳಷ್ಟು ಬಾಡಿಗಿ ಮನಿಯಾಗ ಪ್ರಾಣಿ ಸಾಕಂಗಿಲ್ಲ. ದಿನಾ ಒಬ್ಬರೇ ಬಂದು ಒಬ್ಬರೇ ಉಣ್ಣೋ ಮಂದಿ ತಾಸು ಹೊತ್ತು ಬೆಕ್ಕಿನ ಹತ್ರ ಕುಂತು ಹೋಗತಿದ್ರು. ನಮ್ಮ ಹುಡುಗೀದೂ ಅದೇ ಕತಿ. ಇದರಾಗ ನಗೋವಂಥದ್ದು ಏನೈತ್ರಿ?

ಈಗ ಬುಕ್ ಮಾಡೋರಿಗೆ. ಇಲ್ಲಿ ನನ್ನ ಸ್ವಂತ ತಪ್ಪಿಂದು ಹೇಳಬೇಕು.

ನಾನು ಆರು ವರ್ಷದಾಕಿ ಇದ್ದಾಗ ನಮ್ಮ ಓಣಿಗೆ ಕರಡಿ ಕುಣಿಸಾವರು ಬರತಿದ್ರು. ನಿಮ್ಮಾಗ ಐವತ್ತು ದಾಟಿದೋರಿಗೆಲ್ಲ ನೆನಪಿರಬೇಕು. ಡಮರು ಸದ್ದು ಕೇಳಿದ್ರ ಸಾಕು, ಹುಡುಗ್ರೆಲ್ಲ ಓಡ್ತಿದ್ವಿ. ಕರಡಿ ಎರಡು ಕಾಲಿನ ಮ್ಯಾಲೆ ನಿಲ್ಲತಿತ್ತು, ಸಲಾಂ ಹೊಡಿತಿತ್ತು. ಮಕ್ಕಳ ಅಂಜಿಕಿ ಹೋಗಲಿ ಅಂತ ಅದರ ಬೆನ್ನ ಮ್ಯಾಲೆ ಕುಂದ್ರಸತಿದ್ರು, ಕೂದಲು ಕಿತ್ತು ತಾಯಿತದಾಗ ಹಾಕಿ ಕೊಡತಿದ್ರು. ನನ್ನನ್ನೂ ಕುಂದ್ರಿಸಿದ್ರು. ನಮ್ಮವ್ವ ಮೊರದ ತುಂಬ ಜ್ವಾಳ ಹಾಕಿದ್ಲು. ಎಷ್ಟು ಖುಷಿಯಿಂದ ಕುಣಿತೈತಿ ಅಂತ ನಾವೆಲ್ಲ ಚಪ್ಪಾಳಿ ತಟ್ಟಿದ್ವಿ. ಅದರ ಮೂಗಿನ್ಯಾಗ ಹಗ್ಗ ಇತ್ತು. ಮರಿ ಇದ್ದಾಗ ಮೂಗಿಗೆ ತೂತು ಹಾಕಿ ಹಗ್ಗ ಪೋಣಿಸತಿದ್ರಂತ, ಕೋರೆಹಲ್ಲು ಕೀಳತಿದ್ರಂತ. ಹಗ್ಗ ಎಳದಾಗ ನೋವಿಗೆ ಎದ್ದು ನಿಂತ್ರ ಅದಕ್ಕ ನಾವು ಕುಣಿತ ಅಂತ ಹೆಸರಿಟ್ಟಿದ್ವಿ. 1972ರಾಗೇ ವನ್ಯಜೀವಿ ಕಾಯ್ದೆ ಬಂದಿತ್ತು. ಆದ್ರೂ ಕುಣಿಯೋ ಕರಡಿಗಳನ್ನ ಬಿಡಿಸೋ ಕೆಲಸ ಹೆಚ್ಚುಕಡಿಮಿ ಮುಗಿಯಾಕ 2009 ಬರಬೇಕಾತು. ಕುಣಿಸಾವರು ಹೊಟ್ಟಿಪಾಡಿಗೆ ಮಾಡಿದ್ರು. ಹಗ್ಗ ಕಣ್ಣ ಮುಂದೇ ಇದ್ರೂ ನೋಡಲಾರದ ಚಪ್ಪಾಳಿ ತಟ್ಟಿದ ನಮಗ ಯಾವ ಹೊಟ್ಟಿಪಾಡು ಇತ್ತು?

ಅದಕ್ಕೇ ಈಗ ಮುದ್ದು ಮುದ್ದು ಫೋಟೋ ಕಂಡ್ರ ನನಗ ಮೊದಲು ಹಗ್ಗ ಹುಡುಕೋ ಚಟ. ಕೆಫೆಯಾಗ ಹಗ್ಗ ಕಣ್ಣಿಗೆ ಕಾಣಂಗಿಲ್ಲ. ಮುಚ್ಚಿದ ಬಾಗಿಲೇ ಹಗ್ಗ. ರಾತ್ರಿ ತನಕ ಉರಿಯೋ ಲೈಟು, ಕಿವಿ ಕಿತ್ತೋಗೋ ಹಾಡು, ಬಂದೋರೆಲ್ಲ ಎತ್ತಿಕೊಂಡು ಸೆಲ್ಫಿ ತಗೊಳ್ಳೋದು, ಇವೂ ಹಗ್ಗಾನೇ. ಹಿಮದ ದೇಶದ ಹಸ್ಕಿ ನಾಯಿ ತಂದು ನಮ್ಮ ಬಿಸಲಾಗ ಇಟ್ಟುಕೊಂಡ್ರ ಅದರ ಮೈಮ್ಯಾಲಿನ ಕೂದಲೇ ಹಗ್ಗ. ಬಳ್ಳಾರಿಗೆ ಎರಡೇ ಕಾಲ, ಬ್ಯಾಸಿಗಿ ಮತ್ತ ಕಡು ಬ್ಯಾಸಿಗಿ ಅಂತ ನಾವೇ ಆಡಿಕೊಳ್ತೀವಿ. ನಾಳೆ ಇಂಥ ಕೆಫೆ ನಮ್ಮ ಊರಿಗೂ ಬಂದೇ ಬರತಾವ, ಆವಾಗ ಈ ಮಾತು ನೆನಪಿರ್ಲಿ.

ಕಾಡುಪ್ರಾಣಿ ಇಟ್ಟುಕೊಂಡ ಕೆಫೆ ಆದ್ರ ಕೇಳೋದೇ ಬ್ಯಾಡ, ಹೋಗಬ್ಯಾಡ್ರಿ. ದಕ್ಷಿಣ ಕೊರಿಯಾದಾಗ ರಕೂನ್, ಮೀರ್‌ಕ್ಯಾಟ್ ಇಟ್ಟು ಕಾಫಿ ಮಾರೋ ಅಂಗಡಿ ಭಾಳ ಆಗಿದ್ವು. ಮೃಗಾಲಯ ಅಂತ ನೋಂದಣಿ ಇಲ್ಲದ ಕಡೆ ಕಾಡುಪ್ರಾಣಿ ತೋರಿಸಂಗಿಲ್ಲ ಅಂತ 2023ರ ಡಿಸೆಂಬರಿನಾಗ ಅಲ್ಲಿ ಕಾಯ್ದೆ ಜಾರಿಗೆ ಬಂತು. ಮೊದಲಿಂದ ಇದ್ದ ಅಂಗಡಿಗೆ ನಾಕು ವರ್ಷ ಗಡುವು ಕೊಟ್ಟಾರ. ಜಪಾನಿನ್ಯಾಗ ನೀರುನಾಯಿ ಕೆಫೆನೂ ಅದಾವ. ನಮ್ಮ ತುಂಗಭದ್ರಾದಾಗ ಮುದ್ಲಾಪುರದಿಂದ ಕಂಪ್ಲಿ ತನಕ 34 ಕಿಲೋಮೀಟರ್ ಹೊಳಿಯನ್ನ 2015ರಾಗ ನೀರುನಾಯಿಗಳ ಸಲುವಾಗಿ ಸಂರಕ್ಷಣಾ ಮೀಸಲು ಅಂತ ಸರಕಾರ ಘೋಷಣೆ ಮಾಡೈತಿ. ಹೊಳಿಯಾಗ ಸಂಸಾರ ಕಟ್ಟಿಕೊಂಡು ಈಜೋ ಪ್ರಾಣೀನ ಒಂದು ಟಬ್ಬಿನ್ಯಾಗ ಹಾಕಿ, ಪಕ್ಕದಾಗ ಕಾಫಿ ಇಟ್ರ ಗಂಟಲಾಗ ಇಳಿತೈತೇನ್ರಿ? ನಮ್ಮ ಮನಿಗಳೂ ಏನು ಕಮ್ಮಿ ಇಲ್ಲ. ಗಿಳಿ ಪಂಜರದಾಗ ಇಡೋದು, ಅದೃಷ್ಟ ಬರತೈತಿ ಅಂತ ನಕ್ಷತ್ರ ಆಮಿ ಸಾಕೋದು, ಎರಡೂ ಕಾಯ್ದೆ ಪ್ರಕಾರ ಅಪರಾಧ. ಯಾರ ಮನ್ಯಾಗ ಏನೈತಿ ಅಂತ ನಾನು ಇಲ್ಲಿ ಬರೆಯಂಗಿಲ್ಲ.

"ಪ್ರಾಣಿ ಜೊತಿ ಬಾಳೋದು ನಮಗ ಯಾರೂ ಕಲಿಸಬೇಕಾಗಿಲ್ಲ" ಅಂತ ನಮ್ಮ ಮಾವನೋರು ಅಂದ್ರು. ಅದೂ ಖರೇ. ಕುಡತಿನಿ ಹತ್ರ ಬೂದಿ ದಿಬ್ಬ ಐತಲ್ಲ, ಅದು ರಾಕ್ಷಸನ ಬೂದಿ ಅಂತ ಸಣ್ಣವರಿದ್ದಾಗ ಕೇಳಿದ್ವಿ. ಅದು ದನದ ಸೆಗಣಿ ಸುಟ್ಟ ಬೂದಿ, ನಾಕು ಸಾವಿರ ವರ್ಷಕ್ಕೂ ಹಿಂದಿನ ದನಗಾಹಿಗಳದ್ದು ಅಂತ ತಿಳಿದೋರು ಅಗೆದು ನೋಡಿ ಹೇಳ್ಯಾರ. ಸಂಗನಕಲ್ಲು ಕಡೆ ಕಪ್ಪಗಲ್ಲು ಗುಡ್ಡದ ಬಂಡಿ ಮ್ಯಾಲೆ ಅದೇ ಕಾಲದ ಗೂಳಿ ಚಿತ್ರ ಕೆತ್ತಿದ್ದು ಈಗಲೂ ಕಾಣತಾವ. ಆದ್ರ ಮಾವ, ಆ ದನ ಬೆಳಿಗ್ಗೆ ಬಯಲಿಗೆ ಹೋಗಿ ಮೇಯ್ದು ಸಂಜಿಗೆ ದೊಡ್ಡಿಗೆ ಬರತಿದ್ವು. ಅವಕ್ಕ ಹೋಗೋದು ಇತ್ತು, ಬರೋದು ಇತ್ತು. ನಾನು ಕೇಳೋದೂ ಅಷ್ಟೇ.

ಹೆಣ್ಣಮಕ್ಕಳಾಗಿ ನಮಗ ಇದು ಜಲ್ದಿ ತಿಳಿಬೇಕು. ಹೆಣ್ಣು ನೋಡಾಕ ಬಂದ ದಿನ ನೆನಸ್ರಿ. ಸೀರಿ ಉಡಿಸಿ, ಉಗ್ಗಾಣಿ ತಾಟು ಕೈಯಾಗ ಕೊಟ್ಟು, ಹತ್ತು ಮಂದಿ ಎದುರಿಗೆ ಕುಂದ್ರಿಸಿದ್ರು. ಬಂದೋರೆಲ್ಲ ಜಡಿ ಉದ್ದ ನೋಡಿದ್ರು, ನಡಿಗಿ ನೋಡಿದ್ರು. ನಗಬೇಕಿತ್ತು, ನಕ್ಕಿವಿ. ಆದ್ರೂ ನಮಗ ಒಂದು ಒಳಮನಿ ಇತ್ತು. "ಸಾಕು, ಒಳಗ ಹೋಗವ್ವ" ಅಂತ ಯಾವಾಕ್ಯೋ ಪುಣ್ಯಾತಗಿತ್ತಿ ಅಂತಿದ್ಲು. ಹೋಗಿ ಬಾಗಿಲು ಹಿಂದ ನಿಂತು ಉಸಿರು ಬಿಡತಿದ್ವಿ. ಕೆಫೆ ಬೆಕ್ಕಿಗೆ ದಿನಾ ಹೆಣ್ಣು ನೋಡೋ ಶಾಸ್ತ್ರ. ಅದಕ್ಕ ಒಳಮನಿ ಐತೋ ಇಲ್ಲೋ? ಎದ್ದು ಹೋದ್ರ ಯಾರೂ ಹಿಡಿದು ತರಂಗಿಲ್ಲ ಅನ್ನೋ ಧೈರ್ಯ ಐತೋ ಇಲ್ಲೋ? ಇದ್ರ ಹೋಗ್ರಿ. ಇಲ್ಲದಿದ್ರ ನಿಮ್ಮ ರೊಕ್ಕ ಕರಡಿಗೆ ಹಾಕಿದ ಜ್ವಾಳ ಇದ್ದಂಗ.

ಇದನ್ನ ತಿಳಕೊಳ್ಳಾಕ ಒಂದು ಫೋನ್ ಸಾಕು. ನಾನು ಏನೇನು ಕೇಳಿದೆ, ಹೇಳ್ತೀನಿ. ಈ ಬೆಕ್ಕು ಎಲ್ಲಿಂದ ಬಂದ್ವು, ಬೀದ್ಯಾಗ ಬಿಟ್ಟುಹೋದವನ್ನ ತಂದು ಸಾಕಿದ್ರೋ, ಚಂದ ಕಾಣಲಿ ಅಂತ ಕೊಂಡು ತಂದ್ರೋ? ಯಾರಾದ್ರೂ ಮನಿಗೆ ಒಯ್ದು ಸಾಕತೀನಿ ಅಂದ್ರ ವಿಚಾರಿಸಿ ಕೊಡ್ತೀರೋ? ಮಂದಿ ಹೋಗಲಾರದ ಖೋಲಿ, ಎತ್ತರದ ಹಲಗಿ ಅದಾವೋ? ಒಂದು ಸಲಕ್ಕ ಎಷ್ಟು ಮಂದೀನ ಬಿಡ್ತೀರಿ? ನಡುವ ವಿಶ್ರಾಂತಿ ಎಷ್ಟೊತ್ತು, ರಾತ್ರಿ ಹತ್ರ ಯಾರು ಇರತಾರ? ರೇಬೀಸ್ ಲಸಿಕಿ ಹಾಕಿಸಿದ ಕಾರ್ಡು ತೋರಿಸ್ತೀರೋ? ಸಂತಾನಹರಣ ಆಗೈತೋ? ಅಡಿಗಿಮನಿ ಬ್ಯಾರೆ ಐತೋ?

ನಮ್ಮ ಹುಡುಗಿ ಮೊದಲು ಹೇಳಿದ ಕಡೆ ಮಾಡಿದೆ. "ಮೇಡಂ, ನೀವು ಬರ್ರಿ, ಎಷ್ಟು ಬೇಕಾದ್ರೂ ಎತ್ಕೊಳ್ರಿ, ಯಾವುದೂ ಏನೂ ಮಾಡಲ್ಲ" ಅಂದ ಆ ಹುಡುಗ. ರಾತ್ರಿ ಯಾರು ಇರತಾರ ಅಂದದ್ದಕ್ಕ ನಕ್ಕು ಫೋನ್ ಇಟ್ಟ. ಎರಡನೇ ಕಡೆ ಒಬ್ಬ ಹುಡುಗಿ ಎಲ್ಲಾದಕ್ಕೂ ಉತ್ತರ ಕೊಟ್ಲು. ಕಡೀಗೆ ಸ್ವಲ್ಪ ಬಿಗಿಯಾಗೇ ಅಂದ್ಲು, "ಅಮ್ಮಾ, ಒಂದು ಮಾತು ಮೊದಲೇ ಹೇಳ್ತೀನಿ. ಎತ್ತಿಕೊಳ್ಳೋ ಹಂಗಿಲ್ಲ, ಮಲಗಿದ್ರೆ ಎಬ್ಬಿಸೋ ಹಂಗಿಲ್ಲ. ಬೆಕ್ಕು ನಿಮ್ಮ ಹತ್ರ ಬರದೇ ಹೋದ್ರೆ ದುಡ್ಡು ವಾಪಸ್ ಇಲ್ಲ." ನಾನು ಅಲ್ಲೇ ಹೂಂ ಅಂದೆ. ತನ್ನ ಬೆಕ್ಕಿನ ಮನಸ್ಸಿಗೆ ಜಾಮೀನು ಕೊಡಲಾರದಾಕಿ ಮ್ಯಾಲೆ ನನಗ ನಂಬಿಕಿ ಬಂತು.

ಹೋಗೋರು ನಾವೂ ಸ್ವಲ್ಪ ನೆಟ್ಟಗಿರಬೇಕು. ಬೆಂಗಳೂರು ಗಾಡಿ ಹತ್ತೋವಾಗ ಡಬ್ಬಿ ತುಂಬ ಉಗ್ಗಾಣಿ ಮಿರ್ಚಿ ಕಟ್ಟಿಕೊಳ್ಳೋರು ನಾವು. "ಪಾಪ, ಒಂದು ತುತ್ತು ತಿನ್ನಲಿ" ಅಂತ ಅಲ್ಲಿ ಡಬ್ಬಿ ತಗೀಬ್ಯಾಡ್ರಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಗೂ ಬೆಕ್ಕಿಗೂ ವಿಷ, ರಕ್ತ ಕೆಡಸತೈತಿ. ಒಣದ್ರಾಕ್ಷಿ, ಚಾಕ್ಲೇಟು ನಾಯಿಗೆ ಆಗಂಗಿಲ್ಲ. ದೊಡ್ಡ ಬೆಕ್ಕಿಗೆ ಹಾಲೂ ಭಾಳ ಸಲ ಅರಗಂಗಿಲ್ಲ, ನಾವು ಏನರ ಅಂದುಕೊಂಡಿರ್ಲಿ. ಒಳಗ ಹೋಗಾಕ ಮುಂಚೆ ಕೈ ತೊಳಿರಿ, ಬಂದ ಮ್ಯಾಲೂ ತೊಳಿರಿ. ಬಸುರಿದ್ದಾಕಿ ಬೆಕ್ಕಿನ ಹೇಲಿನ ಹತ್ರ ಹೋಗಬಾರದು. ಸಣ್ಣ ಹುಡುಗ್ರು ಬಾಲ ಹಿಡಿದು ಎಳಿಯೋ ವಯಸ್ಸಿನೋರು ಇದ್ರ ಮನ್ಯಾಗೇ ಬಿಟ್ಟು ಹೋಗ್ರಿ.

ಪರಚಿದ್ರ ಏನು ಮಾಡಬೇಕು ಅನ್ನೋದು ನನಗ ಪೆಟ್ಟು ತಿಂದು ಗೊತ್ತಾಗೈತಿ. ನನ್ನ ಮಗಗ ಏಳು ವರ್ಷ ಇದ್ದಾಗ ಓಣಿ ನಾಯಿ ಮೊಣಕಾಲ ಕೆಳಗ ಕಚ್ಚಿತ್ತು. ಮನಿ ಹಿರೇರು ಸುಣ್ಣ, ಖಾರಪುಡಿ ಮೆತ್ತಿ ಬಟ್ಟಿ ಕಟ್ಟಿದ್ರು. ನಾನೂ ಸುಮ್ನ ನೋಡ್ಕೊಂತ ನಿಂತಿದ್ದೆ. ಮರುದಿನ ದವಾಖಾನ್ಯಾಗ ಡಾಕ್ಟ್ರಮ್ಮ ಆ ಬಟ್ಟಿ ಬಿಚ್ಚಿ ನನ್ನ ಮುಖ ನೋಡಿದ್ದು ನನಗ ಇನ್ನೂ ಮರೆತಿಲ್ಲ. ಕಚ್ಚಲಿ, ರಕ್ತ ಬರೋಹಂಗ ಪರಚಲಿ, ಹರಿಯೋ ನೀರಾಗ ಸಾಬೂನು ಹಚ್ಚಿ 15 ನಿಮಿಷ ತೊಳಿಬೇಕು. ಅದೇ ದಿನ ದವಾಖಾನಿಗೆ ಹೋಗಬೇಕು. ಸರಕಾರಿ ದವಾಖಾನ್ಯಾಗ ಲಸಿಕಿ ಬಿಟ್ಟಿ ಹಾಕತಾರ. ಬರಕೊಟ್ಟ ತಾರೀಕು ಒಂದೂ ತಪ್ಪಿಸಬ್ಯಾಡ್ರಿ. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡ್ರ ಉಳಿಯೋದು ಇಲ್ಲ ಅಂತಾನೇ ತಿಳೀರಿ. ನನ್ನ ಮಗ ಉಳದ, ಈಗ ದೊಡ್ಡವನಾಗ್ಯಾನ.

ದರೋಜಿ ಕರಡಿಧಾಮಕ್ಕ ಹೋಗೀರೇನು? 1994ರಾಗ ಆಗಿದ್ದು. ಸಂಜಿ ಹೊತ್ತಿಗೆ ಬಂಡಿಗೆ ಬೆಲ್ಲ ಹಚ್ಚಿಟ್ಟಿರತಾರ, ನಾವು ದೂರದ ಗೋಪುರದ ಮ್ಯಾಲೆ ಸುಮ್ನ ಕುಂದ್ರಬೇಕು. ಕರಡಿಗೆ ಮನಸ್ಸಾದ್ರ ಇಳದು ಬರತೈತಿ, ಇಲ್ಲಾಂದ್ರ ಇಲ್ಲ. ಹೋದ ವರ್ಷ ನಾನು ಕುಂತಾಗ ಒಂದು ತಾಯಿ ಕರಡಿ ಬೆನ್ನ ಮ್ಯಾಲೆ ಮರಿ ಹೊತ್ತುಕೊಂಡು ಬಂತು. ಆ ಬೆನ್ನ ಮ್ಯಾಲೆ ಮರಿ ಕುಂದ್ರಬೇಕು, ನಾನಲ್ಲ ಅಂತ ಅವತ್ತು ತಿಳೀತು. ಮನಿಗೆ ಬರೋ ತನಕ ಯಾರ ಜೊತಿನೂ ಮಾತಾಡಲಿಲ್ಲ.

ಮುಂದಿನ ತಿಂಗಳು ಹೋಗಿ ಬರತೀನಿ. ನಮ್ಮ ಹುಡುಗಿ ಹೆಗಲ ಮ್ಯಾಲೆ ನನ್ನ ಕೈ ಅಂತೂ ಇದ್ದೇ ಇರತೈತಿ. ಬೆಕ್ಕು ಬಂದ್ರ ಬರ್ಲಿ, ಬರದಿದ್ರ ಕಾಫಿ ಕುಡುದು ಎದ್ದು ಬರತೀನಿ. ಅಲ್ಲಿ ತನಕ ನಗೋರಿಗೆಲ್ಲ ಒಂದು ಕೆಲಸ ಹೇಳ್ತೀನಿ. ಬ್ಯಾಸಿಗಿ ಬಂದೈತಿ. ಬಾಗಿಲ ಹೊರಗ ಒಂದು ಮಣ್ಣಿನ ಬೋಗುಣಿಯಾಗ ನೀರು ಇಡ್ರಿ, ದಿನಾ ತೊಳದು ಇಡ್ರಿ. ಕುಡಿಯಾಕ ಬಂದದ್ದನ್ನ ಮುಟ್ಟಾಕ ಹೋಗಬ್ಯಾಡ್ರಿ, ಓಡಸಾಕೂ ಹೋಗಬ್ಯಾಡ್ರಿ. ಅತ್ತಿಗಿ, ಮೊದಲನೇ ಬೋಗುಣಿ ನಿಮ್ಮ ಮನಿ ಮುಂದ ಇಡಾಕ ನಾನೇ ತಂದು ಕೊಡ್ತೀನಿ.