ಲೆಕ್ಕಕ್ಕೆ ಬಾರದ ದುಡಿಮೆ

ನನ್ನ ಮೊಮ್ಮಗನಿಗೆ ಎರಡು ಬಗೆಯ ವಯಸ್ಸುಗಳಿವೆ. ಜನನ ಪ್ರಮಾಣಪತ್ರದ ಪ್ರಕಾರ ಅವನಿಗೆ ಎರಡು ವರ್ಷ ಮೂರು ತಿಂಗಳು. ವೈದ್ಯರ ಕಡತದಲ್ಲಿ ಈಗಷ್ಟೇ ಎರಡು ತುಂಬಿದೆ. 40 ವಾರ ಇರಬೇಕಾದ ಗರ್ಭವಾಸವನ್ನು 29ಕ್ಕೇ ಮುಗಿಸಿ, 1,150 ಗ್ರಾಂ ತೂಕದೊಂದಿಗೆ ಹುಟ್ಟಿದ ಕೂಸು ಅದು. ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಬೆಳವಣಿಗೆಯನ್ನು ಅಳೆಯುವಾಗ ಎರಡು ವರ್ಷದವರೆಗೆ ಆ ಕೊರತೆಯ ವಾರಗಳನ್ನು ಕಳೆದು ನೋಡುವುದು ವೈದ್ಯಕೀಯ ಪದ್ಧತಿ. ಹೀಗೆ ಕಳೆದ ಮೇಲೂ ನಮ್ಮ ಹುಡುಗ ಹಿಂದೆಯೇ ಇದ್ದಾನೆ. ಮಂಚದ ಅಂಚು ಹಿಡಿದು ನಿಲ್ಲುತ್ತಾನೆ, ನಡೆಯುವುದಿಲ್ಲ. ಅವನಿಗೆ ಬರುವುದು ಮೂರು ಮಾತು. ರಾಗಿ ಸರಿಯಲ್ಲಿ ಸಾಸಿವೆಯಷ್ಟು ಗಂಟಿದ್ದರೂ ಉಗುಳುತ್ತಾನೆ. ಮಳೆ ಹಿಡಿಯಿತೆಂದರೆ ಎದೆ ಗೊರಗುಟ್ಟುತ್ತದೆ.

2020ರಲ್ಲಿ ಜಗತ್ತಿನಲ್ಲಿ ಅವಧಿಪೂರ್ವವಾಗಿ ಜನಿಸಿದ ಶಿಶುಗಳು ಸುಮಾರು 1.34 ಕೋಟಿ. ಅವುಗಳಲ್ಲಿ 30 ಲಕ್ಷದಷ್ಟು ನಮ್ಮ ದೇಶದವೇ. ಅವರಲ್ಲಿ ಬಹುಪಾಲು ಮಕ್ಕಳು ಕ್ರಮೇಣ ಇತರರೊಡನೆ ಸರಿಸಮವಾಗುತ್ತಾರೆ. ಆದರೆ ತೀರಾ ಮುಂಚಿತವಾಗಿ ಬಂದವರ ಮೆದುಳಿನ ಒಳಭಾಗದ ನರತಂತುಗಳು ಸುಲಭವಾಗಿ ಘಾಸಿಗೊಳ್ಳುತ್ತವೆ. ಕಾಲುಗಳಿಗೆ ಸಂದೇಶ ಒಯ್ಯುವ ತಂತುಗಳು ಅಲ್ಲೇ ಹಾದುಹೋಗುವುದರಿಂದ ಕಾಲು ಬಿಗಿಯುವುದು ಸಾಮಾನ್ಯ. ಹತ್ತನೆಯ ತಿಂಗಳಲ್ಲಿ ಬಟ್ಟೆ ಬದಲಿಸುವಾಗ ಮಗುವಿನ ಕಾಲುಗಳು ಕತ್ತರಿಯಂತೆ ಹೆಣೆದುಕೊಳ್ಳುವುದನ್ನು ಮೊದಲು ಗಮನಿಸಿದವರು ನನ್ನ ಪತ್ನಿ. ‘ಗಂಡುಮಕ್ಕಳು ನಿಧಾನ, ನಾನೂ ಒಂದೂವರೆ ವರ್ಷಕ್ಕೆ ನಡೆದವನು’ ಎಂದು ತೀರ್ಪು ಕೊಟ್ಟವನು ನಾನು. ಅರ್ಥಶಾಸ್ತ್ರದ ಎಂ.ಎ. ಪದವಿ ಮತ್ತು ಮೂವತ್ತು ವರ್ಷಗಳ ಆಡಳಿತಾನುಭವದ ಬಲದಿಂದ ನಾನು ಕಳೆದದ್ದು ಮೂರು ಅಮೂಲ್ಯ ತಿಂಗಳು.

ಮಗಳು ಖಾಸಗಿ ಬ್ಯಾಂಕೊಂದರ ಉದ್ಯೋಗಕ್ಕೆ ರಾಜೀನಾಮೆ ಕೊಟ್ಟಾಗ ನನಗೆ ಅದು ಭಾವಾವೇಶದ ನಿರ್ಧಾರವೆಂದೇ ತೋರಿತ್ತು. ವಾರಕ್ಕೆ ಮೂರು ದಿನ, ದಿನಕ್ಕೆ ಮುಕ್ಕಾಲು ಗಂಟೆ ಫಿಸಿಯೋಥೆರಪಿ. ಅಷ್ಟಕ್ಕೆ ಕೆಲಸ ಬಿಡಬೇಕೆ? ಹಳೆಯ ಅಭ್ಯಾಸಬಲದಿಂದ ಒಂದು ರಿಜಿಸ್ಟರ್ ತೆರೆದು ಒಂದು ವಾರ ಬರೆದಿಟ್ಟೆ. ಕಾಲಿನ ವ್ಯಾಯಾಮ ದಿನಕ್ಕೆ ನಾಲ್ಕು ಬಾರಿ, ಒಂದೊಂದು ಸಲ 25 ನಿಮಿಷ. ಊಟ ಐದು ಸಲ, ಪ್ರತಿ ಬಾರಿ 40 ನಿಮಿಷ, ಏಕೆಂದರೆ ಚಮಚ ತುಟಿಯ ಬಳಿ ಬಂದೊಡನೆ ಅವನು ಮುಖ ತಿರುಗಿಸುತ್ತಾನೆ, ಅವಸರಿಸಿದರೆ ಕೆಮ್ಮು, ಕೆಮ್ಮಿದರೆ ತಿಂದದ್ದೆಲ್ಲ ಹೊರಕ್ಕೆ. ನೆಬ್ಯುಲೈಸರ್ ಎರಡು ಬಾರಿ, ಒಟ್ಟು ಅರ್ಧ ಗಂಟೆ. ಕೂಡಿದರೆ ದಿನಕ್ಕೆ ಐದೂವರೆ ಗಂಟೆ, ವಾರಕ್ಕೆ ಮೂವತ್ತೆಂಟೂವರೆ. ಥೆರಪಿಸ್ಟ್ ಕೊಡುವುದು ವಾರಕ್ಕೆ ಎರಡೂಕಾಲು ಗಂಟೆ. ಆಸ್ಪತ್ರೆಗೆ ಹೋಗಿಬರುವ ಸಮಯವನ್ನಾಗಲಿ, ನಿದ್ದೆಗೆಟ್ಟ ರಾತ್ರಿಗಳನ್ನಾಗಲಿ ನಾನು ಇದರಲ್ಲಿ ಸೇರಿಸಿಲ್ಲ. ಯಾವುದೇ ಪೂರ್ಣಾವಧಿ ನೌಕರನ ದುಡಿಮೆ ಅದು, ಭಾನುವಾರದ ರಜೆಯೂ ಇಲ್ಲದ್ದು. ವೈದ್ಯರನ್ನು ಕೇಳಿದರೆ, ಫಲ ಕೊಡುವುದು ಈ ಮೂವತ್ತೆಂಟೂವರೆ ಗಂಟೆಯೇ, ನಾವು ದಾರಿ ತೋರಿಸುವವರಷ್ಟೇ ಎನ್ನುತ್ತಾರೆ.

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಪಿಗೂ 1920ರಷ್ಟು ಹಿಂದೆಯೇ ಒಂದು ವೈಚಿತ್ರ್ಯವನ್ನು ಗುರುತಿಸಿದ್ದರು. ಒಬ್ಬಾತ ತನ್ನ ಮನೆಗೆಲಸದಾಕೆಯನ್ನು ಮದುವೆಯಾದರೆ ಕೆಲಸ ಅಷ್ಟೇ ಉಳಿದರೂ ರಾಷ್ಟ್ರೀಯ ಆದಾಯ ಇಳಿಯುತ್ತದೆ! ನಾವು ವಿದ್ಯಾರ್ಥಿಗಳಾಗಿದ್ದಾಗ ಇದನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಿ ನಕ್ಕು ಮರೆತೆವು. ಇಂದಿಗೂ ಮನೆಯೊಳಗಿನ ವೇತನರಹಿತ ಆರೈಕೆ ಜಿಡಿಪಿ ಲೆಕ್ಕದ ಹೊರಗೇ ಇದೆ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಮಂದಿಯ ಆರೈಕೆಯಲ್ಲಿ ತೊಡಗಿದ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 134 ನಿಮಿಷ ವ್ಯಯಿಸುತ್ತಿದ್ದರು, ಪುರುಷರು 76. ನನ್ನ ಮಗಳ 330 ನಿಮಿಷ ಈ ಸರಾಸರಿಗಳೊಳಗೆ ಸದ್ದಿಲ್ಲದೆ ಮುಳುಗಿಹೋಗುತ್ತದೆ.

ನಮ್ಮದು ಪಿಂಚಣಿ, ಅಳಿಯನ ಸಂಬಳ, ಸ್ವಂತ ಮನೆ ಇರುವ ಕುಟುಂಬ. ಥೆರಪಿ ಕೊಠಡಿಯ ಹೊರಗಿನ ಬೆಂಚಿನ ಮೇಲೆ ನನಗೆ ಪರಿಚಯವಾದ ಗೌರಿಬಿದನೂರು ಕಡೆಯ ಹೆಣ್ಣುಮಗಳ ಕಥೆ ಬೇರೆ. ನಸುಕಿನ ರೈಲು ಹಿಡಿದು ಬರುತ್ತಾಳೆ, ಕಂಕುಳಲ್ಲಿ ಮೂರು ವರ್ಷದ ಮಗಳು. ಕುತ್ತಿಗೆ ಇನ್ನೂ ಪೂರ್ತಿ ನಿಂತಿಲ್ಲ. ‘ವಾರಕ್ಕೆ ಮೂರು ದಿನ ಬನ್ನಿ ಅಂತಾರೆ ಸಾರ್. ಬರಬಾರದು ಅಂತ ಏನಿಲ್ಲ. ಆ ಮೂರು ದಿನದ ಕೂಲಿ ಯಾರು ಕೊಡ್ತಾರೆ?’ ಎಂದಳು. ತಿಂಗಳಿಗೆರಡು ಸಲ ಬರುತ್ತಿದ್ದವಳು ಈಚೆಗೆ ಕಾಣುತ್ತಿಲ್ಲ. ಆಸ್ಪತ್ರೆಯ ಕಡತದಲ್ಲಿ ಇಂಥವರ ಹೆಸರಿನ ಮುಂದೆ ‘ಪೋಷಕರು ಮುಂದುವರಿಸಲಿಲ್ಲ’ ಎಂದು ಬರೆಯುವುದು ರೂಢಿ.

ಸರ್ಕಾರ ಕಣ್ಣು ಮುಚ್ಚಿ ಕುಳಿತಿದೆಯೆಂದು ಆಪಾದಿಸಲಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆರಡು ಬಾರಿ ತಪಾಸಣೆ ಮಾಡಬೇಕು. ಹುಟ್ಟಿನಿಂದ ಬಂದ ದೋಷಗಳು, ಕಾಯಿಲೆಗಳು, ಪೌಷ್ಟಿಕಾಂಶಗಳ ಕೊರತೆಗಳ ಜೊತೆಗೆ ಬೆಳವಣಿಗೆಯ ವಿಳಂಬವನ್ನೂ ಗುರುತಿಸಿ, ಅಂಥ ಮಕ್ಕಳನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಬೇಕು. ಯೋಜನೆಯ ವಿನ್ಯಾಸ ಚೆನ್ನಾಗಿದೆ. 2018ರಲ್ಲಿ ರೂಪುಗೊಂಡ ಇನ್ನೊಂದು ಕಾರ್ಯಕ್ರಮದಂತೆ ಆಶಾ ಕಾರ್ಯಕರ್ತೆ ಮಗುವಿನ 3, 6, 9, 12 ಮತ್ತು 15ನೇ ತಿಂಗಳಲ್ಲಿ ಮನೆಗೇ ಬರುತ್ತಾಳೆ. ಭೇಟಿಯೊಂದಕ್ಕೆ ನಿಗದಿಪಡಿಸಿದ ಪ್ರೋತ್ಸಾಹಧನ 50 ರೂಪಾಯಿ. ಆದರೆ ಹದಿನೈದು ತಿಂಗಳಿಗೆ ಈ ಸರಣಿ ಮುಗಿಯುತ್ತದೆ. ಮಾತು ಬರಲಿಲ್ಲ, ನಡೆಯಲಿಲ್ಲ ಎಂದು ಮನೆಯವರು ಕಳವಳಗೊಳ್ಳುವುದು ಶುರುವಾಗುವುದೇ ಅಲ್ಲಿಂದ.

ಈ ಎಲ್ಲ ಯೋಜನೆಗಳ ಅಂದಾಜುಪಟ್ಟಿಯಲ್ಲಿ ವೈದ್ಯರಿಗೆ ವೇತನವಿದೆ, ಉಪಕರಣಕ್ಕೆ ಅನುದಾನವಿದೆ, ವಾಹನಕ್ಕೆ ಬಾಡಿಗೆಯಿದೆ. ತಾಯಿಯ ದಿನ ಮಾತ್ರ ಉಚಿತ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆರೈಕೆದಾರರ ಭತ್ಯೆಯ ಪ್ರಸ್ತಾಪವಿದೆ ನಿಜ, ಆದರೆ ಅದು ಹೆಚ್ಚಿನ ಬೆಂಬಲ ಅಗತ್ಯವಿರುವವರಿಗೆ. ನ್ಯೂನತೆ ಇನ್ನೂ ಖಚಿತವಾಗಿರದ, ಅದನ್ನು ತಗ್ಗಿಸಲು ಅವಕಾಶವಿರುವ ಎರಡು ವರ್ಷದ ಮಗು ಆ ವ್ಯಾಖ್ಯೆಗೆ ಸಿಗುವುದು ಕಷ್ಟ. ಶ್ರಮ ಅತಿ ಹೆಚ್ಚು ಫಲ ಕೊಡುವ ಹೊತ್ತಿನಲ್ಲಿ ನೆರವಿಲ್ಲ. ಫಲದ ಕಾಲ ದಾಟಿ ಪ್ರಮಾಣಪತ್ರ ಕೈಗೆ ಬಂದ ಮೇಲೆ ಮಾಸಾಶನ. ಇಂಥ ವ್ಯಯವನ್ನು ಯಾವ ಹಣಕಾಸು ಕಾರ್ಯದರ್ಶಿಯೂ ಸಮರ್ಥಿಸಲಾರ.

ಪೂರ್ವನಿದರ್ಶನವಿಲ್ಲವೆಂದು ಕಡತ ಹಿಂದಿರುಗಿಸುವುದು ನಮ್ಮವರ ಚಾಳಿ. ಇಲ್ಲಿ ನಿದರ್ಶನವಿದೆ. ತೀವ್ರ ಅಪೌಷ್ಟಿಕತೆಯ ಮಕ್ಕಳನ್ನು ದಾಖಲಿಸಿಕೊಳ್ಳುವ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಲ್ಲಿ ಮಗುವಿನ ಜೊತೆ ಉಳಿಯುವ ತಾಯಿಗೆ ಕೂಲಿ ನಷ್ಟದ ಪರಿಹಾರ ಕೊಡುವ ಪದ್ಧತಿ ಇದೆ. ಕೂಲಿ ಬಿಟ್ಟು ಬಂದ ತಾಯಿ ಮೂರನೇ ದಿನಕ್ಕೆ ಮಗುವನ್ನು ಎತ್ತಿಕೊಂಡು ಹೊರಟುಬಿಡುತ್ತಾಳೆಂಬ ಅನುಭವ ಅದರ ಹಿಂದಿದೆ. ಅದೇ ನಿಯಮವನ್ನು ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಬರುವ ದಿನಗಳಿಗೂ ಅನ್ವಯಿಸಿ, ಪ್ರಯಾಣದ ವೆಚ್ಚವನ್ನೂ ಸೇರಿಸಬೇಕು. ಹಾಜರಾತಿಯ ಆಧಾರದ ಮೇಲೆ ಪಾವತಿಯಾಗುವುದರಿಂದ ದುರುಪಯೋಗದ ಭಯವೂ ಕಡಿಮೆ. ಜೊತೆಗೆ, ವಿಳಂಬ ಕಂಡ ಮಕ್ಕಳಿಗಾದರೂ ಆಶಾ ಭೇಟಿಯನ್ನು ಮೂರು ವರ್ಷದವರೆಗೆ ವಿಸ್ತರಿಸಬೇಕು, 50 ರೂಪಾಯಿಗಲ್ಲ.

ಇದನ್ನು ಬರೆಯುವ ನೈತಿಕ ಹಕ್ಕು ನನಗಿದೆಯೇ ಎಂಬ ಅನುಮಾನವೂ ಇದೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮುಖ್ಯಸ್ಥನಾಗಿದ್ದ ಕಚೇರಿಯಲ್ಲಿ ಒಬ್ಬ ಪ್ರಥಮ ದರ್ಜೆ ಸಹಾಯಕಿ ಆರು ತಿಂಗಳ ಅಸಾಧಾರಣ ರಜೆ ಕೇಳಿದ್ದರು. ವೇತನವಿಲ್ಲದ ರಜೆ ಅದು. ಮಗು ಕೂರುತ್ತಿಲ್ಲ, ಮೈಸೂರಿನಲ್ಲಿ ತೋರಿಸಬೇಕು ಎಂಬುದು ಕಾರಣ. ಮಾರ್ಚ್ ತಿಂಗಳು, ಲೆಕ್ಕ ಮುಗಿಸುವ ಒತ್ತಡ. ‘ಸಾರ್ವಜನಿಕ ಹಿತದೃಷ್ಟಿಯಿಂದ ಪರಿಗಣಿಸಲಾಗದು’ ಎಂದು ಷರಾ ಬರೆದು ಸಹಿ ಹಾಕಿದೆ. ಅವರು ಮರುಮಾತಾಡಲಿಲ್ಲ. ಮುಂದೆ ಆ ಮಗು ಏನಾಯಿತೆಂದು ನಾನು ವಿಚಾರಿಸಲೂ ಇಲ್ಲ. 2024ರ ಏಪ್ರಿಲ್‌ನಲ್ಲಿ ಹಿಮಾಚಲ ಪ್ರದೇಶದ ಸರ್ಕಾರಿ ಕಾಲೇಜೊಂದರ ಸಹಾಯಕ ಪ್ರಾಧ್ಯಾಪಕಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿಕಲಚೇತನ ಮಗುವಿನ ತಾಯಿಗೆ ಶಿಶುಪಾಲನಾ ರಜೆ ನಿರಾಕರಿಸುವುದು ಮಹಿಳೆಯರಿಗೆ ಉದ್ಯೋಗದಲ್ಲಿ ಸಮಾನ ಪಾಲು ಖಾತರಿಪಡಿಸುವ ಸಂವಿಧಾನಾತ್ಮಕ ಕರ್ತವ್ಯಕ್ಕೆ ವಿರುದ್ಧವೆಂದು ಹೇಳಿತು. ಆ ಸುದ್ದಿ ಓದಿದ ದಿನ ನನಗೆ ನೆನಪಾದದ್ದು ನನ್ನ ಆ ಒಂದು ಸಾಲು.

ಕಳೆದ ತಿಂಗಳಿನಿಂದ ಬೆಳಗಿನ ವ್ಯಾಯಾಮವನ್ನು ಅಳಿಯ ವಹಿಸಿಕೊಂಡಿದ್ದಾರೆ, ಸಂಜೆಯದು ನನ್ನ ಪಾಲಿಗೆ ಬಂದಿದೆ. ಮಂಡಿ ಬಗ್ಗದಂತೆ ಒತ್ತಿಹಿಡಿದು ಇಪ್ಪತ್ತು ಎಣಿಸಬೇಕು. ಹನ್ನೆರಡಕ್ಕೆ ಅವನು ಅಳಲು ತೊಡಗುತ್ತಾನೆ, ಆಗ ನನ್ನ ಎಣಿಕೆ ತಪ್ಪುತ್ತದೆ. ಮಗಳು ಅರ್ಧ ದಿನದ ಕೆಲಸಕ್ಕೆ ಎರಡು ಕಡೆ ಅರ್ಜಿ ಹಾಕಿದ್ದಾಳೆ. ಒಂದು ಕಡೆಯವರು ನಡುವಿನ ಎರಡು ವರ್ಷ ಏನು ಮಾಡುತ್ತಿದ್ದಿರೆಂದು ಕೇಳಿದರಂತೆ.