ಚೀಟಿ ಓದದೆ ಮೂಟೆ ಇಳಿಸುವವರಿಗೆ

‘ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ.’ ಬೆಳೆ ಪರಿಹಾರವಿರಲಿ, ಮನೆ ಮಂಜೂರಾತಿ ಇರಲಿ, ಬಂದವರನ್ನು ವಾಪಸ್ ಕಳಿಸಲು ಈ ಮೂರು ಪದ ಸಾಕು. ಮೊದಲು ಈ ಮಾತು ಕಚೇರಿಯ ಕಿಟಕಿಯಲ್ಲಿ ಮಾತ್ರ ಕೇಳುತ್ತಿತ್ತು. ಈಗ ನಮ್ಮ ವೃತ್ತಿಯ ಗೆಳೆಯರೂ ಹೇಳತೊಡಗಿದ್ದಾರೆ. ಸರ್ಕಾರಿ ಜಾಲತಾಣದಲ್ಲಿರುವ ನೂರಾರು ಫೈಲುಗಳನ್ನು ಒಂದೊಂದಾಗಿ ಇಳಿಸುವವರು ಯಾರು ಎಂದು ಹತ್ತು ಸಾಲಿನ ಕೋಡ್ ಬರೆಯುತ್ತಾರೆ, ರಾತ್ರಿ ಓಡಲು ಬಿಡುತ್ತಾರೆ, ಬೆಳಿಗ್ಗೆ ಸುದ್ದಿ ಮಾಡುತ್ತಾರೆ. ಕೋಡ್ ಬರೆಯುವುದಕ್ಕೆ ನಮ್ಮ ತಕರಾರಿಲ್ಲ. ಸರ್ವರ್ ಏನು ಹೇಳಿತು ಎಂದು ನೋಡದೆ ಸುದ್ದಿ ಮಾಡುವುದಕ್ಕೆ ಖಂಡಿತ ಇದೆ.

ಎಪಿಎಂಸಿಗೆ ಮೂಟೆ ಹೋದರೆ ಜೊತೆಗೊಂದು ಚೀಟಿ ಇರುತ್ತದೆ: ಯಾರ ಮಾಲು, ಯಾವ ಮಾಲು, ಎಷ್ಟು ತೂಕ. ಇಂಟರ್ನೆಟ್ಟಿನಲ್ಲಿ ಫೈಲ್ ಬರುವಾಗಲೂ ಅದರ ಮುಂದೆ ಇಂಥದೇ ಚೀಟಿ ಬರುತ್ತದೆ. ಅದೇ ಎಚ್‌ಟಿಟಿಪಿ ಹೆಡರ್. ಚೀಟಿಯ ನೆತ್ತಿಯ ಮೇಲೆ ಮೂರಂಕಿಯ ಒಂದು ಸಂಖ್ಯೆ. 200 ಅಂದರೆ ಕೇಳಿದ್ದು ಕೊಟ್ಟಿದ್ದೇನೆ. 404 ಅಂದರೆ ಅಂಥದ್ದು ಇಲ್ಲಿ ಸಿಗಲಿಲ್ಲ. 403 ಅಂದರೆ ನಿನಗೆ ಕೊಡುವುದಿಲ್ಲ. 503 ಅಂದರೆ ಈಗ ಆಗುವುದಿಲ್ಲ. ಅದರ ಕೆಳಗೆ ಕಂಟೆಂಟ್-ಟೈಪ್, ಅಂದರೆ ಯಾವ ಬಗೆಯ ಫೈಲ್. ಕಂಟೆಂಟ್-ಲೆಂಗ್ತ್, ಅಂದರೆ ಎಷ್ಟು ಬೈಟ್. ಲಾಸ್ಟ್-ಮಾಡಿಫೈಡ್, ಅಂದರೆ ಕೊನೆಗೆ ಬದಲಾದದ್ದು ಯಾವಾಗ. ಫೋನಿನ ಬ್ರೌಸರ್ ಇದನ್ನೆಲ್ಲ ನಿಮ್ಮ ಕಣ್ಣಿಗೆ ಬೀಳದಂತೆ ಓದಿಕೊಳ್ಳುತ್ತದೆ. ಕೋಡಿಗೆ ಮಾತ್ರ ‘ಓದು’ ಅಂತ ನಾವೇ ಹೇಳಬೇಕು.

ಹೇಳದಿದ್ದರೆ ಏನಾಗುತ್ತದೆ? ಪೈಥಾನ್ ಕಲಿತವರು ಹೆಚ್ಚಾಗಿ ಬಳಸುವ ರಿಕ್ವೆಸ್ಟ್ಸ್ ಲೈಬ್ರರಿ, 404 ಬಂದರೂ ತಾನಾಗಿ ತಡೆಯುವುದಿಲ್ಲ. ‘ರೈಸ್ ಫಾರ್ ಸ್ಟೇಟಸ್’ ಎಂಬ ಒಂದು ಸಾಲು ಬರೆದರೆ ಮಾತ್ರ ಅಲ್ಲೇ ನಿಲ್ಲುತ್ತದೆ. ಕರ್ಲ್ ಕೂಡ ಅಷ್ಟೆ. ‘ಫೇಲ್’ ಎಂಬ ಆಯ್ಕೆ ಕೊಡದಿದ್ದರೆ, ‘ಪುಟ ಸಿಗಲಿಲ್ಲ’ ಎಂದು ಬಂದ ಪುಟವನ್ನೇ ನಾವು ಕೊಟ್ಟ ಹೆಸರಿನಲ್ಲಿ ಉಳಿಸಿಡುತ್ತದೆ. ಹೊರಗಿನ ಹೆಸರು ಪಿಡಿಎಫ್, ಒಳಗಿರುವುದು ‘ಕ್ಷಮಿಸಿ’. ವಾಟ್ಸಾಪ್ ಗುಂಪಿಗೆ ಬಂದ 2 ಕೆಬಿ ಪಿಡಿಎಫ್ ತೆರೆಯದೆ ಹೋದಾಗ ನೀವು ನಿಮ್ಮ ಫೋನನ್ನು ಬೈದಿರುತ್ತೀರಿ. ಪಾಪ, ಫೋನಿನದ್ದೇನೂ ತಪ್ಪಿರಲಿಕ್ಕಿಲ್ಲ.

ತೆರೆಯದ ಫೈಲಾದರೂ ವಾಸಿ, ಕೆಟ್ಟಿದೆ ಎಂದು ಗೊತ್ತಾಗುತ್ತದೆ. ತೆರೆದುಕೊಳ್ಳುವ ಅರ್ಧ ಫೈಲ್ ಮನೆ ಹಾಳು ಮಾಡುತ್ತದೆ. ಸಿಎಸ್‌ವಿ ಎಂಬ ಪಟ್ಟಿಯ ಫೈಲಿಗೆ ‘ಇಲ್ಲಿಗೆ ಮುಗಿಯಿತು’ ಎಂಬ ಗುರುತೇ ಇಲ್ಲ. ನೆಟ್‌ವರ್ಕ್ ಮಧ್ಯದಲ್ಲಿ ಕಡಿದರೂ ಬಂದಷ್ಟು ಸಾಲು ನೀಟಾಗಿ ತೆರೆದುಕೊಳ್ಳುತ್ತದೆ. ಊರುಗಳನ್ನು ಅಕಾರಾದಿಯಾಗಿ ಜೋಡಿಸಿದ್ದರೆ ಹೋಗುವುದು ಯಾವ ಊರು? ಅರಕೆರೆ, ಆಲೂರು ಉಳಿಯುತ್ತವೆ. ಹನುಮನಹಳ್ಳಿ, ಹಿರೇಹಳ್ಳಿ, ಹೊಸಹಳ್ಳಿ ಹೋಗುತ್ತವೆ. ಹೊಸಹಳ್ಳಿ ಎಂಬ ಹೆಸರಿನ ಊರುಗಳಿಗೆ ನಮ್ಮಲ್ಲಿ ಲೆಕ್ಕವಿದೆಯೇ? ಅಲ್ಲಿನವರಿಗೆಲ್ಲ ‘ನಿಮ್ಮ ಊರನ್ನೇ ಕೈಬಿಟ್ಟಿದ್ದಾರೆ’ ಎಂದು ಸುದ್ದಿ ಮುಟ್ಟುತ್ತದೆ. ಚೀಟಿಯಲ್ಲಿ 4,80,000 ಬೈಟ್ ಎಂದು ಬರೆದು, ಕೈಗೆ 3,10,000 ಸಿಕ್ಕಿದ್ದರೆ, ಒಂದು ಕಳೆಯುವ ಲೆಕ್ಕದಲ್ಲಿ ಇದು ಬಯಲಾಗುತ್ತಿತ್ತು.

ಇಲ್ಲೊಂದು ಎಚ್ಚರ ಬೇಕು. ಸರ್ವರ್ ಫೈಲನ್ನು ಜಿಜಿಪ್ ಮಾಡಿ ಕುಗ್ಗಿಸಿ ಕಳಿಸಿದ್ದರೆ ಚೀಟಿಯಲ್ಲಿರುವುದು ಕುಗ್ಗಿಸಿದ ತೂಕ. ಬಿಚ್ಚಿದ ಮೇಲಿನ ತೂಕದೊಂದಿಗೆ ಅದನ್ನು ಹೋಲಿಸಬಾರದು. ತುಂಡುತುಂಡಾಗಿ ಕಳಿಸುವಾಗ ತೂಕ ಬರೆದೇ ಇರುವುದಿಲ್ಲ. ಆಗ ಇನ್ನೊಮ್ಮೆ ಇಳಿಸಿ, ಎರಡರ ಸಾಲು ಎಣಿಸಿ ನೋಡಬೇಕು.

ಜಾಲತಾಣ ಕಟ್ಟುವವರ ಪಾಲೂ ಕಡಿಮೆಯಿಲ್ಲ. ಫೈಲ್ ಇಲ್ಲದಿದ್ದರೆ 404 ಎನ್ನಬೇಕು. ಆದರೆ ‘ನಿಮ್ಮ ಸೆಷನ್ ಮುಗಿದಿದೆ’ ಎಂಬ ಪುಟಕ್ಕೆ 200 ಎಂದು ಮೊಹರು ಒತ್ತಿ ಕಳಿಸುವ ತಾಣಗಳಿವೆ. 302 ಎಂದು ಲಾಗಿನ್ ಪುಟಕ್ಕೆ ತಿರುಗಿಸುವ ತಾಣಗಳೂ ಇವೆ. ಕೋಡ್ ಅದರ ಹಿಂದೆ ತಾನಾಗಿ ಹೋಗಿ, ಅಲ್ಲಿ 200 ಕಂಡು, ಎಲ್ಲ ಸರಿಯಿದೆ ಎಂದುಕೊಳ್ಳುತ್ತದೆ. ಇಂಥ ಕಡೆ ಕಾಪಾಡುವುದು ಕಂಟೆಂಟ್-ಟೈಪ್. ಪಿಡಿಎಫ್ ಕೇಳಿದಾಗ ಎಚ್‌ಟಿಎಂಎಲ್ ಬಂದರೆ ಅದು ಪಟ್ಟಿಯಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರ 4ನೇ ಸೆಕ್ಷನ್, ಯಾರೂ ಅರ್ಜಿ ಹಾಕದಿದ್ದರೂ ಮಾಹಿತಿ ಪ್ರಕಟಿಸಿ ಎನ್ನುತ್ತದೆ, ಇಂಟರ್ನೆಟ್ಟನ್ನೂ ಹೆಸರಿಸುತ್ತದೆ. ಇಲ್ಲದ ಫೈಲಿಗೆ 200 ಕೊಡುವುದು ಬೀಗ ಹಾಕಿದ ಕಚೇರಿಗೆ ‘ತೆರೆದಿದೆ’ ಎಂದು ಬೋರ್ಡ್ ನೇತುಹಾಕಿದಂತೆ.

ಕನ್ನಡದ ಮಾತೂ ಇದೆ. ಫೈಲಿನ ಹೆಸರು ಬರುವುದು ಕಂಟೆಂಟ್-ಡಿಸ್ಪೊಸಿಷನ್ ಎಂಬ ಹೆಡರಿನಲ್ಲಿ. ಯುಟಿಎಫ್-8 ಬಳಸಿ ಕನ್ನಡ ಹೆಸರನ್ನೂ ಅದರಲ್ಲಿ ಕಳಿಸುವ ಕ್ರಮ 2011ರ ಆರ್‌ಎಫ್‌ಸಿ 6266ರಲ್ಲಿಯೇ ಇದೆ. ಹೆಸರಿನ ಜಾಗದಲ್ಲಿ ಪ್ರಶ್ನೆ ಚಿಹ್ನೆಗಳ ಸಾಲು ಬಂದರೆ, ‘ಕನ್ನಡಕ್ಕೆ ಟೆಕ್ನಿಕಲ್ ಪ್ರಾಬ್ಲಂ’ ಎಂಬ ನೆಪ ನಂಬಬೇಡಿ.

‘ಹೆಡರೂ ಸುಳ್ಳು ಹೇಳುತ್ತದಲ್ಲ?’ ಎಂದು ಕೆಲವರು ಕೇಳುತ್ತಾರೆ. ಹೌದು, ಹೇಳುತ್ತದೆ. ಫೈಲನ್ನು ಹೊಸ ಸರ್ವರಿಗೆ ನಕಲು ಮಾಡಿದ ದಿನವೇ ಲಾಸ್ಟ್-ಮಾಡಿಫೈಡ್ ಆಗಿ ಕಾಣಬಹುದು. ತೂಕದ ಚೀಟಿಯಲ್ಲೂ ಮೋಸ ಆಗುತ್ತದೆ, ಹಾಗಂತ ಯಾವ ರೈತ ಚೀಟಿ ಹರಿದು ಬಿಸಾಡುತ್ತಾನೆ? ಚೀಟಿಯನ್ನೂ ನೋಡಬೇಕು, ಮೂಟೆಯನ್ನೂ ಬಿಚ್ಚಬೇಕು. ಪಿಡಿಎಫ್ ಫೈಲಿನ ಮೊದಲಲ್ಲಿ ಶೇಕಡಾ ಚಿಹ್ನೆ, ಅದರ ಬೆನ್ನಿಗೆ ಪಿಡಿಎಫ್ ಎಂಬ ಮೂರು ಇಂಗ್ಲಿಷ್ ಅಕ್ಷರ ಇರುತ್ತವೆ. ಅದನ್ನು ಪರೀಕ್ಷಿಸಲು ಕೋಡಿಗೆ ಒಂದು ಸಾಲು ಸಾಕು.

429 ಬಂದರೆ ಅರ್ಥ ‘ಬಹಳ ಸಲ ಕೇಳುತ್ತಿದ್ದೀಯ’ ಎಂದು. ಜೊತೆಗೆ ರಿಟ್ರೈ-ಆಫ್ಟರ್ ಹೆಡರ್ ಇದ್ದರೆ ಎಷ್ಟು ಹೊತ್ತು ಬಿಟ್ಟು ಬರಬೇಕು ಎಂಬುದೂ ಇರುತ್ತದೆ. ಅದನ್ನು ಓದದೆ ಬಾಗಿಲು ಬಡಿಯುತ್ತಲೇ ಇದ್ದು, ಕೊನೆಗೆ ‘ದಾಖಲೆಯೇ ಇಲ್ಲ’ ಎಂದು ಬರೆಯುವುದು ಯಾವ ಪತ್ರಿಕೋದ್ಯಮ?

‘ಹಳ್ಳಿಯವರಿಗೆ ಇದೆಲ್ಲ ಯಾಕೆ?’ ಎನ್ನುವವರಿಗೆ ನಮ್ಮ ಉತ್ತರ ಚಿಕ್ಕದು. ಹೆಸರು ಹಳ್ಳಿಯವರದು, ದುಡ್ಡೂ ಅವರದೇ.

ಕೋಡ್ ಬರೆಯುವ ಗೆಳೆಯರೇ, ಫೈಲ್ ಉಳಿಸುವಾಗ ಅದರ ಪಕ್ಕದಲ್ಲೇ ಚೀಟಿಯನ್ನೂ ಉಳಿಸಿ: ವಿಳಾಸ, ಇಳಿಸಿದ ದಿನ ಮತ್ತು ಗಂಟೆ, ಮೂರಂಕಿಯ ಸಂಖ್ಯೆ, ಟೈಪ್, ಬೈಟ್ ಲೆಕ್ಕ. ಇವಿಲ್ಲದೆ ‘ಹೆಸರಿಲ್ಲ’ ಎಂದು ಬರೆಯಬೇಡಿ. ಓದುಗರೇ, ನಾಳೆ ಯಾರಾದರೂ ನಿಮಗೆ ಪಟ್ಟಿಯಲ್ಲಿ ಹೆಸರಿಲ್ಲ ಎಂದರೆ, ಅವರು ಕಚೇರಿಯವರಾಗಲಿ, ನಮ್ಮಂಥ ಪತ್ರಕರ್ತರಾಗಲಿ, ಎರಡೇ ಪ್ರಶ್ನೆ ಕೇಳಿ. ಪಟ್ಟಿ ಪೂರ್ತಿ ಬಂದಿತ್ತಾ? ಅದು ಯಾವ ದಿನದ ಪಟ್ಟಿ?