ದೋಣಿಯಿಲ್ಲದ ಊರಿನ ಪ್ರೊಪೆಲ್ಲರ್

ಸಕಲೇಶಪುರ, ಆಲೂರು ಕಡೆಯವನು ಪ್ರೊಪೆಲ್ಲರ್ ಬಗ್ಗೆ ಬರೆಯೋಕೆ ಕೂತರೆ ನಗು ಬರೋದು ಸಹಜ. "ನಿಮ್ಮಲ್ಲಿ ದೋಣಿ ಎಲ್ಲಿದೆ ಮಾರಾಯಾ?" ಅಂತೀರಿ. ಸರಿ, ಒಪ್ಪಿದೆ. ಆದರೆ ಮಲ್ಪೆಯ ದೋಣಿಗಳ ಅಡಿಯಲ್ಲಿ ತಿರುಗೋ ಚಕ್ರದ ದಾಯಾದಿ ಒಂದು ನಮ್ಮ ಮಲೆನಾಡಿನ ಹಳ್ಳಗಳ ಪಕ್ಕದಲ್ಲೂ ಇದೆ. ಅಲ್ಲಿ ಎಂಜಿನ್ನು ಚಕ್ರ ತಿರುಗಿಸಿ ನೀರನ್ನು ನೂಕುತ್ತೆ. ಇಲ್ಲಿ ನೀರೇ ಚಕ್ರ ತಿರುಗಿಸಿ ಮನೆಗೆ ಕರೆಂಟು ಕೊಡುತ್ತೆ. ಇದಕ್ಕೆ ಪಿಕೋ ಹೈಡ್ರೋ ಅಂತಾರೆ, 5 ಕಿಲೋವ್ಯಾಟ್ ಒಳಗಿನ ಪುಟ್ಟ ಟರ್ಬೈನು.

ಬೀಳು ಕಡಿಮೆ, ನೀರು ಜಾಸ್ತಿ ಇರೋ ಕಡೆ ಹೊಂದೋದು ಥೇಟ್ ಪ್ರೊಪೆಲ್ಲರ್ ಆಕಾರದ ಟರ್ಬೈನೇ. ಬಿಸಿಲೆ, ಹೆತ್ತೂರು ಕಡೆಯ ಹಾಗೆ ಎತ್ತರದಿಂದ ಪೈಪಿನಲ್ಲಿ ನೀರು ತರಬಹುದಾದ ಜಾಗಕ್ಕೆ ಬಟ್ಟಲುಗಳಿರೋ ಪೆಲ್ಟನ್ ಚಕ್ರ. 20 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಲೀಟರ್ ನೀರು ಇಳಿದರೆ, ನಷ್ಟವೆಲ್ಲ ಕಳೆದು ಸುಮಾರು 1 ಕಿಲೋವ್ಯಾಟ್ ಸಿಗುತ್ತೆ. ದೀಪ, ಟೀವಿ, ಮೊಬೈಲ್ ಚಾರ್ಜಿಗೆ ಧಾರಾಳ.

ಇದರ ಬೆಲೆ ಗೊತ್ತಾಗೋದು ಆರಿದ್ರ ಮಳೆ ಹಿಡಿದಾಗ. ಸಿಲ್ವರ್ ಮರ ಲೈನ್ ಮೇಲೆ ಬಿದ್ದು ಊರೆಲ್ಲ ಕತ್ತಲಾಗೋ ದಿನಗಳಲ್ಲೇ ಹಳ್ಳ ತುಂಬಿ ಹರಿಯೋದು! ಸೋಲಾರ್ ಪ್ಯಾನೆಲ್ಲು ಮೋಡ ನೋಡ್ತಾ ಕೂತಿರುತ್ತೆ, ಈ ಚಕ್ರ ಮಾತ್ರ ಹಗಲೂ ರಾತ್ರಿ ದುಡಿಯುತ್ತೆ.

ಆದರೆ ನಾನು ಕಂಡ ಹಾಗೆ ಎಷ್ಟೋ ಚಕ್ರಗಳು ಸುಮ್ಮನೆ ನಿಂತಿವೆ. ಕೆಲವು ಗುಜರಿಗೂ ಹೋಗಿವೆ. ಕಾರಣ ಏನು ದೊಡ್ಡದಿಲ್ಲ, ಒಂದು ಬೇರಿಂಗ್, ಒಂದು ಸೀಲ್, ಸವೆದ ನಾಝಲ್ ಅಷ್ಟೇ. ಕೂರಿಸೋ ದಿನ ಪೂಜೆ, ಫೋಟೋ ಎಲ್ಲ ಆಗುತ್ತೆ. ಆಮೇಲೆ ಅದರ ಮುಖ ನೋಡೋರಿಲ್ಲ. ಸಬ್ಸಿಡಿ ಅನ್ನೋದೂ ಹೊಸದು ತರೋಕೇ ಇತ್ತೇ ಹೊರತು ಇರೋದನ್ನ ಉಳಿಸಿಕೊಳ್ಳೋಕಲ್ಲ. ನನ್ನ ತಕರಾರು ಇರೋದು ಇಲ್ಲೇ.

ಕಡಲ ಕಡೆಯವರನ್ನ ನೋಡಿ. ದೋಣಿ ದಡಕ್ಕೆ ಎಳೆದ ಕೂಡಲೇ ಪ್ರೊಪೆಲ್ಲರಿಗೆ ಕೈ ಹಾಕ್ತಾರೆ. ಬಲೆಯ ದಾರ ಶಾಫ್ಟಿಗೆ ಸುತ್ತಿದೆಯಾ, ಅಲಗು ಬಾಗಿದೆಯಾ ಅಂತ ಸವರಿ ನೋಡ್ತಾರೆ. ಯಾಕೆಂದರೆ ದಾರ ಸೀಲನ್ನ ಕೊಯ್ದರೆ ಒಳಗೆ ನೀರು ಹೋಗುತ್ತೆ. ಅಲಗು ಬಾಗಿದರೆ ನಡುಕ ಶುರುವಾಗುತ್ತೆ, ಆ ನಡುಕ ಬೇರಿಂಗನ್ನ ತಿನ್ನುತ್ತೆ. ಅವರ ಹೊಟ್ಟೆಪಾಡು ಅದರ ಮೇಲೆ ನಿಂತಿದೆ. ನಮಗೆ ಇದು 'ಇದ್ದರೆ ಇರಲಿ' ಅನ್ನೋ ವಸ್ತು.

ನಮ್ಮ ಚಕ್ರ ಕೇಳೋದೂ ಹೆಚ್ಚುಕಮ್ಮಿ ಅಷ್ಟೇ. ಬಲೆಯ ಬದಲು ಇಲ್ಲಿ ತರಗೆಲೆ. ಮಳೆಗಾಲದಲ್ಲಿ ದಿನಾ ಒಂದು ಸಲ ಕಟ್ಟದ ಜಾಲರಿಯ ಕಸ ತೆಗೀಬೇಕು. ಇಲ್ಲದಿದ್ದರೆ ನೀರು ಕಮ್ಮಿಯಾಗಿ ಬಲ್ಬು ಮಂಕಾಗುತ್ತೆ, ನಾವು ಟರ್ಬೈನಿಗೆ ಬಯ್ಯುತ್ತೀವಿ. ಮರಳು ತಂಗೋ ತೊಟ್ಟಿಯನ್ನ ಆಗಾಗ ತೊಳೀಬೇಕು. 20 ಮೀಟರ್ ಬೀಳಿನ ನೀರು ನಾಝಲಿಂದ ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗದಲ್ಲಿ ಚಿಮ್ಮುತ್ತೆ. ಆ ವೇಗದ ಮರಳು ಚಕ್ರಕ್ಕೆ ಉಪ್ಪುಕಾಗದ ಇದ್ದ ಹಾಗೆ! ರೋಹಿಣಿ ಮಳೆಗೆ ಮೊದಲೇ ಬಟ್ಟಲಿನ ಅಂಚು, ಅಲಗು, ನಾಝಲಿನ ತೂತು ನೋಡಿಕೊಳ್ಳಬೇಕು. ಬಾಗಿದ್ದನ್ನ ಅಂದಾಜಿನಲ್ಲಿ ಸುತ್ತಿಗೆಯಿಂದ ಬಡೀಬಾರದು, ತೂಕ ತಪ್ಪಿದರೆ ಮತ್ತದೇ ನಡುಕ. ಬೇರಿಂಗಿಗೆ ಹೇಳಿದಷ್ಟೇ ಗ್ರೀಸ್ ಹಾಕಬೇಕು, ಅತಿಯಾದರೂ ಬಿಸಿಯಾಗುತ್ತೆ. ಮನೆಯ ದೀಪ ಆರಿಸಿದಾಗ ಮಿಕ್ಕ ಕರೆಂಟನ್ನ ಹೀಟರಿಗೆ ಕಳಿಸೋ ಕಂಟ್ರೋಲರ್ ಸರಿಯಿರಬೇಕು. ಇಲ್ಲದಿದ್ದರೆ ಹೊರೆಯಿಲ್ಲದ ಚಕ್ರ ಹುಚ್ಚೆದ್ದು ತಿರುಗುತ್ತೆ. ಇದೆಲ್ಲಕ್ಕಿಂತ ಮುಖ್ಯ, ವಾಲ್ವ್ ಮುಚ್ಚಿ ಚಕ್ರ ಪೂರ್ತಿ ನಿಲ್ಲೋವರೆಗೆ ಒಳಗೆ ಕೈ ಹಾಕಬಾರದು.

"ಲೈನ್ ಕರೆಂಟು ಬಂದಿದೆಯಲ್ಲ, ಈ ಗೋಜು ಯಾಕೆ?" ಅನ್ನೋರಿದ್ದಾರೆ. ಜುಲೈ ತಿಂಗಳಲ್ಲಿ ಒಂದು ವಾರ ಘಟ್ಟದಂಚಿನ ಹಳ್ಳಿಯಲ್ಲಿದ್ದು ಆಮೇಲೆ ಹೇಳಲಿ. "ಮನೆಯಲ್ಲಿ ಇರೋರು ವಯಸ್ಸಾದವರೇ, ಜಾರೋ ಮಳೆಯಲ್ಲಿ ಹಳ್ಳಕ್ಕೆ ಹೋಗೋರು ಯಾರು?" ಅನ್ನೋದು ಮಾತ್ರ ನ್ಯಾಯವಾದ ಪ್ರಶ್ನೆ. ಮಕ್ಕಳೆಲ್ಲ ಬೆಂಗಳೂರಿನಲ್ಲಿ. ಅದಕ್ಕೇ ಇದನ್ನ ಒಂದೊಂದು ಮನೆಯ ತಲೆಗೆ ಕಟ್ಟಬಾರದು ಅಂತ ನನ್ನ ಅಭಿಪ್ರಾಯ. ಹೋಬಳಿಗೆ ಇಬ್ಬರು ಐಟಿಐ ಕಲಿತ ಹುಡುಗರಿಗೆ ತರಬೇತಿ ಕೊಟ್ಟು, ಬೇರಿಂಗು ಸೀಲು ಅವರ ಹತ್ತಿರ ಇಟ್ಟು, ಹೊಸ ಚಕ್ರಕ್ಕೆ ಕೊಡೋ ದುಡ್ಡಿನಲ್ಲಿ ಒಂದು ಪಾಲು ಐದು ವರ್ಷದ ಉಸ್ತುವಾರಿಗೆ ತೆಗೆದಿಟ್ಟರೆ ಸಾಕು.

1902ರಲ್ಲೇ ಶಿವನಸಮುದ್ರದ ನೀರಿನಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ನಾಡು ನಮ್ಮದು. ಆ ದೊಡ್ಡ ಚಕ್ರಗಳನ್ನ ನೋಡಿಕೊಳ್ಳೋಕೆ ಸಂಬಳದ ಜನ ಇದ್ದರು. ಹಳ್ಳದ ಪುಟ್ಟ ಚಕ್ರಕ್ಕೆ ವರ್ಷಕ್ಕೆ ಎರಡು ಸಲ ಬಂದು ಹೋಗೋ ಒಬ್ಬ ಮೆಕ್ಯಾನಿಕ್ ಬೇಡವೇ?

ಏನಂತೀರಿ? ನಿಮ್ಮೂರಿನ ಹಳ್ಳದಲ್ಲೂ ಇಂಥದ್ದೊಂದು ಚಕ್ರ ಇದ್ದರೆ, ತಿರುಗ್ತಿದೆಯೋ ನಿಂತಿದೆಯೋ ಬರೆದು ತಿಳಿಸಿ.